ಚಾಡಿಕೋರ ವಾಲ್ವ್

ನನ್ನ ಅಣ್ಣನ ಮುಖ ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿಂದ ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಲು ಕಾದು ಕೂರುವುದು ಬೇಡ. ಅವನಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ನಾವಿಬ್ಬರೂ ಒಂದು ಕೋಣೆಯಲ್ಲಿದ್ದರೆ ಮೂರನೆಯವರು ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಾರೆ. ಅಮ್ಮ ಮಾತ್ರ ಹೋಗುವುದಿಲ್ಲ. ಅವಳಿಗೆ ನಮ್ಮ ಜಗಳ ರೇಡಿಯೊ ಇದ್ದ ಹಾಗೆ, ಹಿಂದೆ ಸದ್ದು ಮಾಡುತ್ತಿದ್ದರೆ ಕೈಕೆಲಸ ಸಾಗುತ್ತದೆ.

ಅಂಥ ನಾವಿಬ್ಬರೂ ಆ ಮಧ್ಯಾಹ್ನ ಹೋಟೆಲಿನ ಊಟದ ಹಾಲಿನಲ್ಲಿ, ವೇದಿಕೆಯ ಮೂಲೆಯಲ್ಲಿ, ಅಪ್ಪನ ಆಂಪ್ಲಿಫೈಯರ್ ಪೆಟ್ಟಿಗೆಯ ಬೆನ್ನ ಹಿಂದೆ ಮೊಣಕಾಲೂರಿ ಕುಳಿತಿದ್ದೆವು. ಹಿಂದೆ ಗೋಡೆ, ಪಕ್ಕದಲ್ಲಿ ಪರದೆ. ಆ ಕಿಷ್ಕಿಂಧೆಯಲ್ಲಿ ಅವನ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಬೇಕೆಂದೇ ತಿವಿಯುತ್ತಿದ್ದ.

"ಬೇಗ ವಾಲ್ವ್ ಹಾಕು. ಗಾಜು ಕಣ್ಣಿಗೆ ಒತ್ಕೊಂಡು ಪೂಜೆ ಮಾಡ್ತಾ ಕೂತ್ಕೋಬೇಡ" ಎಂದ.

"ಟಾರ್ಚ್ ನೆಟ್ಟಗೆ ಹಿಡಿ. ಅದೊಂದು ಕೆಲಸ ನಿನ್ನ ಕೈಲಿ ಆಗುತ್ತೆ ಅಂದ್ಕೊಂಡಿದ್ದೆ" ಎಂದೆ.

ಅಪ್ಪ ಈ ಹಾಲಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಲೇ ಮುದುಕನಾದವನು. ಜನ ಊಟ ಮಾಡುತ್ತ ಕೇಳುತ್ತಿದ್ದರು, ಕೆಲವರು ಊಟ ಬಿಟ್ಟು ಕೇಳುತ್ತಿದ್ದರು. ಅವನು ಹೋದ ಮೇಲೆ ಅವನ ಕುರ್ಚಿ ವೇದಿಕೆಯ ಎಡಗಡೆ ಖಾಲಿಯಾಗಿಯೇ ಉಳಿದಿತ್ತು. ಬ್ಯಾಂಡಿನ ಮಾಸ್ಟರ್ ಕೊನೆಗೊಮ್ಮೆ ನಮ್ಮಿಬ್ಬರಿಗೂ ಹೇಳಿಕಳಿಸಿದರು: "ಇಬ್ಬರೂ ಬನ್ನಿ. ಒಂದೇ ಗಿಟಾರ್, ಒಂದೇ ಪೆಟ್ಟಿಗೆ, ಒಂದೇ ಮಟ್ಟು. ಯಾರದು ಚೆನ್ನಾಗಿರುತ್ತೋ ಅವರು ಅವತ್ತು ಸಂಜೆಯಿಂದಲೇ ಆ ಕುರ್ಚೀಲಿ ಕೂತ್ಕೋಬೇಕು. ಆಮೇಲೆ ನನ್ನ ಹತ್ರ ಯಾರೂ ಅಳ್ಕೊಂಡು ಬರಬಾರದು."

ಆ ಕುರ್ಚಿ ನನಗೆ ಬೇಕಿತ್ತು. ಸುತ್ತಿಬಳಸಿ ಹೇಳುವುದೇನಿದೆ, ಊಟ ನಿದ್ದೆ ಬಿಟ್ಟು ಬೇಕಿತ್ತು. ಊರ ಮಕ್ಕಳಿಗೆ ಮನೆಯಲ್ಲಿ ಗಿಟಾರ್ ಕಲಿಸಿ ಬದುಕುವವಳು ನಾನು. ಅವು ತಂತಿಗೆ ಕೊಡುವ ಹಿಂಸೆ ಕೇಳಿ ಕೇಳಿ ನನ್ನ ಕಿವಿಯೇ ಮೊಂಡಾಗುತ್ತಿತ್ತು. ಅಣ್ಣ ಸಿಕ್ಕ ಸಿಕ್ಕ ಬ್ಯಾಂಡಿಗೆ ಸೇರುತ್ತಾನೆ, ಸ್ವಲ್ಪ ದಿನಕ್ಕೆ ಬಿಡುತ್ತಾನೆ, ಇಲ್ಲವೇ ಅವರೇ ಬಿಡಿಸುತ್ತಾರೆ. ಬೆರಳು ಚುರುಕು, ಅದನ್ನು ಒಪ್ಪುತ್ತೇನೆ. ಆದರೆ ಅವನು ನುಡಿಸುವುದೆಂದರೆ ಹಿಂದೆ ನಾಯಿ ಅಟ್ಟಿಸಿಕೊಂಡು ಬಂದವರು ಓಡುವುದು. ಸೋತಾಗಲೆಲ್ಲ ಒಂದು ನೆಪ ಇದ್ದೇ ಇರುತ್ತದೆ. ತಂತಿ ಹಳೆಯದಿತ್ತು. ಡ್ರಮ್ಮಿನವನು ತಾಳ ತಪ್ಪಿದ. ಜನಕ್ಕೆ ಕಿವಿ ಇಲ್ಲ. ಇವನದು ಎಂದಾದರೂ ತಪ್ಪಾದದ್ದು ಲೋಕದಲ್ಲಿ ಯಾರೂ ಕಂಡಿಲ್ಲ.

ಅಪ್ಪ ಸಾಯುವ ಮುಂಚೆ ಬುದ್ಧಿವಂತಿಕೆ ಮಾಡಲು ಹೋಗಿದ್ದ. ಗಿಟಾರ್ ನನಗೆ, ಆಂಪ್ಲಿಫೈಯರ್ ಅವನಿಗೆ ಎಂದು ಹಂಚಿದ. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ, ಹಾಗಾದರೂ ಇವೆರಡು ಮುಖ ನೋಡಿಕೊಂಡು ಇರುತ್ತವೆ ಎಂದು ಅವನ ಲೆಕ್ಕ. ತಾನು ಹೆತ್ತವರ ಗುಣ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಅಣ್ಣ ಪೆಟ್ಟಿಗೆ ಒಯ್ಯಲು ಆಟೋ ತರುವಷ್ಟರಲ್ಲಿ ನಾನು ಹಿಂದಿನ ಹಲಗೆ ಬಿಚ್ಚಿ ಒಳಗಿನ ವಾಲ್ವುಗಳನ್ನು, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದವಲ್ಲ ಅಂಥ ಗಾಜಿನ ಬುರುಡೆಗಳನ್ನು, ಕಿತ್ತು ಎತ್ತಿಟ್ಟುಕೊಂಡಿದ್ದೆ. ಅಪ್ಪನ ಕೈ ನಡುಗಲು ಶುರುವಾದಾಗಿನಿಂದ ಅವುಗಳನ್ನು ಬದಲಾಯಿಸಿ, ಒರೆಸಿ, ನೋಡಿಕೊಂಡವಳು ನಾನು. ಪೆಟ್ಟಿಗೆ ಅವನದಾದರೆ ಆಗಲಿ, ಒಳಗಿನ ಗಾಜು ನನ್ನದು. ಅವನು ಮನೆಗೆ ಹೋಗಿ ಸ್ವಿಚ್ ಹಾಕಿ, ಸದ್ದೇ ಬರದಿದ್ದದ್ದು ನೋಡಿ, ಬಂದು ನಮ್ಮ ಬಾಗಿಲು ಮುರಿಯುವ ಹಾಗೆ ಬಡಿದ. ನಾನು ತೆಗೆಯಲಿಲ್ಲ. ಅಮ್ಮ ಒಳಗಿನಿಂದಲೇ "ಬಾಗಿಲು ನಿಮ್ಮಪ್ಪ ಯಾರಿಗೂ ಬರೆದುಕೊಟ್ಟಿಲ್ಲ, ಅದನ್ನ ಒಡೀಬೇಡ" ಎಂದಳು.

ಆಮೇಲೆ ಅವನು ಹೊಸ ವಾಲ್ವು ಕೊಂಡು ಹಾಕಿಕೊಂಡ. ಸದ್ದು ಬಂತು, ಅಪ್ಪನ ಸದ್ದು ಬರಲಿಲ್ಲ. ತೊಳೆದು ಇಸ್ತ್ರಿ ಹೊಡೆದ ಸದ್ದು ಅದು. ಮಾಸ್ಟರ್ ಅದನ್ನು ಒಮ್ಮೆ ಕೇಳಿ ಮುಖ ಸಿಂಡರಿಸಿ, ಹಳೆಯ ವಾಲ್ವು ಹಾಕಿಕೊಂಡು ಬಂದರೆ ಮಾತ್ರ ಕೇಳುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾಗಿ ಅವನ ಪೆಟ್ಟಿಗೆ, ನನ್ನ ಗಾಜು, ನನ್ನ ಗಿಟಾರು ಎಲ್ಲ ಆ ಮಧ್ಯಾಹ್ನ ಒಂದು ಕಡೆ ಸೇರಿದ್ದವು. ಅಪ್ಪನ ಲೆಕ್ಕ ತಡವಾಗಿ, ವಕ್ರವಾಗಿ ಸರಿಯಾಗಿತ್ತು ಅನ್ನಬಹುದು.

ಅದು ಚಿಕ್ಕ ಆಂಪ್ಲಿಫೈಯರ್, ಒಬ್ಬರೇ ಒಂದು ಕೈಯಲ್ಲಿ ಎತ್ತಬಹುದು. ಒಳಗೆ ಮೂರೇ ವಾಲ್ವು, ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತವೆ. ಒಂದು ದೊಡ್ಡದು, ಸದ್ದಿಗೆ ಬಲ ಕೊಡುವುದು. ಇನ್ನೆರಡು ಹೆಬ್ಬೆರಳಿನಷ್ಟು ಚಿಕ್ಕವು. ಗಿಟಾರಿನಿಂದ ಬಂದ ಸದ್ದು ಮೊದಲು ಒಂದಕ್ಕೆ ಹೋಗುತ್ತದೆ, ಆಮೇಲೆ ಎರಡನೆಯದಕ್ಕೆ, ಕೊನೆಗೆ ದೊಡ್ಡದಕ್ಕೆ. ನಾನು ಅವನ ಹೊಸ ವಾಲ್ವುಗಳನ್ನು ಮೆಲ್ಲಗೆ ಅಲ್ಲಾಡಿಸಿ, ನೇರವಾಗಿ ಎಳೆದು ತೆಗೆದೆ. ಓರೆಯಾಗಿ ಎಳೆದರೆ ಅವುಗಳ ಬುಡದಲ್ಲಿರುವ ಕಾಲಿನಂಥ ತಂತಿಗಳು ಬಾಗುತ್ತವೆ. ಅವನು ಅವುಗಳನ್ನು ಕಿತ್ತುಕೊಂಡು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ನಾನೇನು ಅವನ್ನು ನುಂಗುತ್ತಿದ್ದೆನೋ.

ನನ್ನ ವಾಲ್ವುಗಳು ಅಪ್ಪನ ಉಣ್ಣೆಯ ಕಾಲುಚೀಲದಲ್ಲಿದ್ದವು. ಮೂರನ್ನೂ ಬೇರೆ ಬೇರೆ ಸುತ್ತಿದ್ದೆ. ಅದಕ್ಕೆ ಕಾರಣವಿದೆ. ಚಿಕ್ಕವೆರಡರಲ್ಲಿ ಒಂದು ಚಾಡಿಕೋರ.

ಹಾಗೆ ಹೆಸರಿಟ್ಟದ್ದು ಅಪ್ಪ. ಅದರೊಳಗಿನ ತಗಡು ಎಲ್ಲೋ ಸಡಿಲ, ಹಾಗಾಗಿ ಅದಕ್ಕೆ ಕಿವಿ ಇದೆ. ಉಗುರಲ್ಲಿ ತಟ್ಟಿದರೆ ಸಾಕು, ತಟ್ಟಿದ್ದನ್ನು ಸ್ಪೀಕರಿಗೆ ಹೋಗಿ ಹೇಳುತ್ತದೆ. ಅದನ್ನು ಎರಡನೆಯ ಜಾಗದಲ್ಲಿ ಕೂರಿಸಿದರೆ ಒಳ್ಳೆಯದು, ಅದರ ಮಾತು ಅಷ್ಟಾಗಿ ಹೊರಗೆ ಬರುವುದಿಲ್ಲ, ಬಂದಷ್ಟು ಸದ್ದಿಗೊಂದು ಬಿಸಿ ಕೊಡುತ್ತದೆ. ಹಾಲಿನ ಜನ ಇಷ್ಟಪಟ್ಟದ್ದು ಆ ಬಿಸಿಯನ್ನೇ. ಆದರೆ ಅದನ್ನು ಮೊದಲನೆಯ ಜಾಗದಲ್ಲಿ ಕೂರಿಸಿದಿರೋ, ಕೆಟ್ಟಿತು. ಅದು ಹೇಳಿದ್ದನ್ನು ಉಳಿದೆರಡೂ ದೊಡ್ಡದು ಮಾಡುತ್ತವೆ. ಮೆಲ್ಲಗೆ ನುಡಿಸುವವರೆಗೆ ಗೊತ್ತೇ ಆಗುವುದಿಲ್ಲ. ಜೋರು ಮಾಡಿದೊಡನೆ ಸ್ಪೀಕರಿನ ನಡುಕ ಅದಕ್ಕೆ ತಟ್ಟಿ, ಅದು ಅದನ್ನೇ ಸ್ಪೀಕರಿಗೆ ಹೇಳಿ, ಪೆಟ್ಟಿಗೆ ಊಳಿಡಲು ಶುರುಮಾಡುತ್ತದೆ. ನೋಡಲು ಎರಡೂ ಅವಳಿಜವಳಿ. ಗಾಜಿನ ಮೇಲಿನ ಬರಹ ಅಳಿಸಿಹೋಗಿ ಯಾವ ಕಾಲವಾಯಿತೋ. ಅಪ್ಪ ಗುರುತು ಹಾಕಲು ಬಿಡುತ್ತಿರಲಿಲ್ಲ, ಕಿವಿ ಇಟ್ಟುಕೊಂಡು ಗುರುತು ಯಾಕೆ ಎನ್ನುತ್ತಿದ್ದ. ಪೆಟ್ಟಿಗೆಗೆ ಹಾಕಿ, ಸ್ವಿಚ್ ಒತ್ತಿ, ಒಬ್ಬರು ಪೆನ್ಸಿಲ್ಲಿನ ಹಿಂಭಾಗದಿಂದ ತಟ್ಟಬೇಕು, ಇನ್ನೊಬ್ಬರು ಸ್ಪೀಕರಿನ ಮುಂದೆ ಕೂತು ಕೇಳಬೇಕು. ನಮ್ಮ ಮನೆಯ ಪದ್ಧತಿ ಅದು. ಚಿಕ್ಕಂದಿನಿಂದ ನಾನು ತಟ್ಟುವವಳು, ಅವನು ಕೇಳುವವನು.

ಮೂರನ್ನೂ ಹಾಕಿ ಸ್ವಿಚ್ ಒತ್ತಿದೆ. ಮೆಲ್ಲಗೆ ಕೆಂಪಾದವು. ಅವನು ನಾನು ಹೇಳದೆಯೇ ಎದ್ದು ಮುಂದೆ ಹೋಗಿ ಸ್ಪೀಕರಿಗೆ ಕಿವಿ ಕೊಟ್ಟು ಕೂತ. ಮೊದಲನೆಯದನ್ನು ತಟ್ಟಿದೆ.

"ಸುಮ್ಮನಿದೆ" ಎಂದ.

ಎರಡನೆಯದನ್ನು ತಟ್ಟಿದೆ.

"ಹೂಂ. ಒಂಚೂರು ಟಣ್ ಅಂತು. ಸರಿಯಾಗಿದೆ." ಆಮೇಲೆ ಆ ಹೂಂ ನನ್ನ ಜೊತೆ ಆಡಿದ್ದೆಂದು ನೆನಪಾಗಿ ಮುಖ ತಿರುಗಿಸಿಕೊಂಡ.

ಮೊದಲು ನುಡಿಸಿದವಳು ನಾನು. ಮಾಸ್ಟರ್ ಹಾಲಿನ ನಡುವೆ ಒಂದು ಮೇಜಿನ ಮೇಲಿಂದ ಕುರ್ಚಿ ಇಳಿಸಿಕೊಂಡು ಕೂತಿದ್ದರು. ಡ್ರಮ್ಮಿನವನು, ಎಲ್ಲರೂ ಗುಡುಗು ಎಂದು ಕರೆಯುವ ದಪ್ಪ ಮನುಷ್ಯ, ಅವರ ಪಕ್ಕದಲ್ಲಿ. ಸುತ್ತ ಮೇಜುಗಳಿಗೆ ಆಗಷ್ಟೇ ಬಿಳಿ ಬಟ್ಟೆ ಹಾಸುತ್ತಿದ್ದರು. ಮಟ್ಟು ಯಾವುದೆಂದರೆ ಸಂಜೆ ಹಾಲಿನ ಬಾಗಿಲು ತೆರೆಯುವಾಗ ಅಪ್ಪ ಪ್ರತಿದಿನ ನುಡಿಸುತ್ತಿದ್ದದ್ದು. ಮೆಲ್ಲಗೆ ಶುರುವಾಗಿ, ನಡುವೆ ಏರಿ ಇಡೀ ಹಾಲ್ ತುಂಬಿ, ಮತ್ತೆ ಇಳಿದು ಮುಗಿಯುತ್ತದೆ. ನಾನು ಚೆನ್ನಾಗಿ ನುಡಿಸಿದೆ. ಜಂಬದ ಮಾತಲ್ಲ, ಕೇಳಿದವರು ಹೇಳಲಿ. ಏರುವ ಕಡೆ ಒಂದು ತಂತಿಯೂ ತಪ್ಪಲಿಲ್ಲ. ಬಟ್ಟೆ ಹಾಸುತ್ತಿದ್ದವರಲ್ಲಿ ಒಬ್ಬ ಕೈ ನಿಲ್ಲಿಸಿದ. ಮಾಸ್ಟರ್ ತಲೆಯಾಡಿಸಿ, "ಚೆನ್ನಾಗಿತ್ತಮ್ಮ. ಪೆಟ್ಟಿಗೆ ಆಫ್ ಮಾಡಿ. ಒಂದು ಟೀ ಕುಡಿದು ಅವನದು ಕೇಳೋಣ" ಎಂದರು.

ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ಹೋದರು. ನಾನು ಸ್ವಿಚ್ ಆರಿಸುವ ನೆಪದಲ್ಲಿ ಪೆಟ್ಟಿಗೆಯ ಹಿಂದೆ ಕೂತೆ. ಅಲ್ಲಿ ಕೂತಾಗ ನನ್ನ ತಲೆಗೆ ಬಂದದ್ದೇನು ಎಂದು ಈಗಾಗಲೇ ಊಹಿಸಿದ್ದೀರಿ. ಚಿಕ್ಕವೆರಡನ್ನು ಅದಲುಬದಲು ಮಾಡಿದರೆ ಮುಗಿಯಿತು. ಅವನು ಏರುವ ಕಡೆ ಬಂದು ಜೋರು ಮಾಡುತ್ತಾನೆ, ಪೆಟ್ಟಿಗೆ ಊಳಿಡುತ್ತದೆ, ಮಾಸ್ಟರ್ ಕಿವಿ ಮುಚ್ಚಿಕೊಳ್ಳುತ್ತಾರೆ. ಟಾರ್ಚ್ ಬೇಡ, ನನ್ನ ಬೆರಳಿಗೆ ವಾಲ್ವು ಕೂರುವ ತೂತುಗಳು ಬಾಯಿಪಾಠ. ಜೇಬಿನಿಂದ ಕರವಸ್ತ್ರ ತೆಗೆದು ಕೈಗೆ ಸುತ್ತಿಕೊಂಡೆ. ಮೊದಲನೆಯದನ್ನು ಹಿಡಿದೆ.

ಹಿಡಿದವಳು ಬಿಟ್ಟೆ. ಒಳ್ಳೆಯತನಕ್ಕೆ ಅಲ್ಲ, ಅದನ್ನು ನನ್ನ ತಲೆಗೆ ಕಟ್ಟಬೇಡಿ. ಪೆಟ್ಟಿಗೆ ಊಳಿಟ್ಟರೆ ಅವನಿಗೆ ಸಿಗುವುದು ಏನು? ನೆಪ. ಸಾಯುವವರೆಗೆ ಹೇಳಿಕೊಂಡು ತಿರುಗಲು ಒಂದು ಒಳ್ಳೆಯ, ಗಟ್ಟಿಮುಟ್ಟಾದ ನೆಪ. ಅದನ್ನು ನನ್ನ ಕೈಯಾರೆ ಮಾಡಿಕೊಡಬೇಕೆ? ಅವನು ಸೋಲಬೇಕು, ಸರಿಯಾಗಿರುವ ಪೆಟ್ಟಿಗೆಯಲ್ಲಿ, ಒಳ್ಳೆಯ ತಂತಿಯಲ್ಲಿ, ಹೇಳಿಕೊಳ್ಳಲು ಒಂದು ನೆಪವೂ ಇಲ್ಲದೆ ಸೋಲಬೇಕು. ನನಗೆ ಅದನ್ನು ನೋಡಬೇಕಿತ್ತು. ಕರವಸ್ತ್ರ ಬಿಚ್ಚುತ್ತ ಪರದೆಯಿಂದ ಹೊರಗೆ ಬಂದೆ.

ಅಣ್ಣ ಎದುರಿಗೇ ನಿಂತಿದ್ದ. ನನ್ನ ಮುಖ ನೋಡಿದ, ಕರವಸ್ತ್ರ ನೋಡಿದ.

"ಏನ್ ಮಾಡ್ತಿದ್ದೆ ಅಲ್ಲಿ?"

"ಆಫ್ ಮಾಡ್ತಿದ್ದೆ."

"ಆಫ್ ಮಾಡೋಕೆ ಕೈಗೆ ಬಟ್ಟೆ ಸುತ್ಕೋಬೇಕಾ?"

"ಬೆವರು ಒರೆಸ್ಕೊಂಡೆ. ನಿನ್ನನ್ನ ಕೇಳಿ ಬೆವರಬೇಕಾ?" ಎಂದು ಅವನನ್ನು ಸವರಿಕೊಂಡೇ ಮುಂದೆ ಹೋದೆ. ಟೀ ಕುಡಿಯುವಾಗ ಅವನು ಬರಲಿಲ್ಲ. ಗಿಟಾರಿಗೆ ಶ್ರುತಿ ನೋಡಿಕೊಳ್ಳುತ್ತಿರಬೇಕು ಅಂದುಕೊಂಡೆ.

ಅವನ ಸರದಿ ಬಂತು. ಕುರ್ಚಿಯಲ್ಲಿ ಕೂತು ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡ. ನನ್ನ ಗಿಟಾರ್, ಅವನ ತೊಡೆಯ ಮೇಲೆ. ನೋಡಿ ಹೊಟ್ಟೆ ಉರಿಯಿತು. ಶುರುಮಾಡಿದ. ಮೊದಲಿನಿಂದಲೇ ಓಟ. ಅಪ್ಪ ಒಂದು ಸ್ವರ ಇಟ್ಟ ಜಾಗದಲ್ಲಿ ಇವನು ನಾಲ್ಕು ಸುರಿದ. ತಂತಿ ಮೀಟುವ ಪ್ಲೆಕ್ಟ್ರಮ್ಮನ್ನು ಯಾಕೋ ತುದಿಯಲ್ಲಿ, ಮುಳ್ಳು ಹಿಡಿದ ಹಾಗೆ ಹಿಡಿದಿದ್ದ. ಗುಡುಗು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಲು ಹೋಗಿ, ಸಿಗದೆ, ಬಿಟ್ಟುಬಿಟ್ಟ. ನನಗೆ ಒಳಗೊಳಗೇ ಹಬ್ಬ.

ಏರುವ ಕಡೆ ಬಂದ. ಗುಂಡಿ ತಿರುಗಿಸಿ ಜೋರು ಮಾಡಿದ. ಪೆಟ್ಟಿಗೆ ಊಳಿಟ್ಟಿತು.

ಮೊದಲು ಸಣ್ಣಗೆ, ಆಮೇಲೆ ಮೇಜುಗಳ ಮೇಲಿನ ಲೋಟಗಳೆಲ್ಲ ನಡುಗುವ ಹಾಗೆ. ಅವನು ಗುಂಡಿ ಇಳಿಸಿದ, ನಿಂತಿತು. ಮತ್ತೆ ನುಡಿಸಿ ಏರಿಸಿದ, ಮತ್ತೆ ಊಳು. ಮಾಸ್ಟರ್ ಕಿವಿ ಮುಚ್ಚಿಕೊಂಡರು. ನಾನು ಮಾಡಿರಲಿಲ್ಲ. ಹಿಡಿದಿದ್ದೆ, ಬಿಟ್ಟಿದ್ದೆ. ಒಂದು ಕ್ಷಣ ನನ್ನ ಕೈಯ ಮೇಲೇ ನನಗೆ ಅನುಮಾನ ಬಂತು.

ಅಣ್ಣ ಎದ್ದು ನಿಂತ. ಮುಖ ಕೆಂಡದ ಹಾಗೆ ಆಗಿತ್ತು.

"ಮಾಸ್ಟರೇ, ಇವಳು ವಾಲ್ವ್ ಅದಲುಬದಲು ಮಾಡಿದಾಳೆ. ಟೀಗೆ ಹೋದಾಗ ಹಿಂದೆ ಕೂತಿದ್ಳು, ಕಣ್ಣಾರೆ ನೋಡಿದೀನಿ."

"ಮುಟ್ಟಿಲ್ಲ" ಎಂದೆ.

"ಹಿಂದೆ ಹೋಗಿದ್ದು ನಾನೂ ನೋಡಿದೆ" ಎಂದ ಗುಡುಗು. ಅವನಿಗೆ ನನ್ನ ಮೇಲೆ ದ್ವೇಷವೇನಿಲ್ಲ, ಕಂಡದ್ದು ಹೇಳಿದ.

ಮಾಸ್ಟರ್ ನನ್ನ ಕಡೆ ತಿರುಗಿದರು. "ಹೋಗಿದ್ಯೇನಮ್ಮ?"

"ಹೋಗಿದ್ದೆ. ಮಾಡಬೇಕು ಅಂತಾನೇ ಕೂತಿದ್ದೆ. ಮಾಡ್ಲಿಲ್ಲ."

ಇಂಥ ಮಾತನ್ನು ಯಾರು ನಂಬುತ್ತಾರೆ? ಹೇಳುವಾಗಲೇ ನನಗೆ ಅದು ಸುಳ್ಳಿನ ಹಾಗೆ ಕೇಳಿಸಿತು. ಅಣ್ಣ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಹತ್ತಿರ ಹೋದೆ. ಆಗ ಕಂಡದ್ದು ಅವನ ಬಲಗೈ. ಅದನ್ನು ಅವನು ಪ್ಯಾಂಟಿಗೆ ಒತ್ತಿಕೊಂಡಿದ್ದ.

"ಕೈ ತೋರ್ಸು."

"ಯಾಕೆ?"

"ತೋರ್ಸು ಅಂದೆ."

ಅವನು ತೋರಿಸಲಿಲ್ಲ, ನಾನೇ ಮಣಿಕಟ್ಟು ಹಿಡಿದು ಎಳೆದೆ. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಸುಟ್ಟು ಬೊಬ್ಬೆ ಎದ್ದಿದ್ದವು. ಆ ಪೆಟ್ಟಿಗೆಯ ಹಿಂದೆ ಬರಿಗೈ ತೂರಿಸಿ, ಕತ್ತಲಲ್ಲಿ ಗೊತ್ತಾಗದೆ ದೊಡ್ಡ ವಾಲ್ವನ್ನು ಹಿಡಿದರೆ ಹೀಗೇ ಆಗುವುದು. ನನಗೂ ಚಿಕ್ಕಂದಿನಲ್ಲಿ ಆಗಿದೆ.

"ನೀನು ಕೈ ಹಾಕಿದೀಯ" ಎಂದೆ.

"ಹಾಕಿದೆ. ಏನೀಗ? ನೀನು ಬದಲಾಯಿಸಿದ್ಯಲ್ಲ, ಅದನ್ನ ವಾಪಸ್ ಸರಿ ಮಾಡಿದೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಕರವಸ್ತ್ರ ಸುತ್ಕೊಂಡು ಬಂದಿದ್ದು ನೋಡಿದೆ. ನೀನು ಮಾಡೇ ಮಾಡಿರ್ತೀಯ ಅಂತ ಗೊತ್ತಿತ್ತು. ಅದಕ್ಕೆ ಎರಡನ್ನೂ ಕಿತ್ತು ಮೊದಲಿನ ಹಾಗೆ..."

ಅಲ್ಲಿಗೆ ಅವನ ಮಾತು ನಿಂತಿತು. ಅವನಿಗೇ ಅರ್ಥವಾಯಿತು. ಮುಖದ ಕೆಂಪೆಲ್ಲ ಇಳಿದುಹೋಯಿತು.

"ಮೊದಲಿನ ಹಾಗೇ ಇತ್ತು. ನಾನು ಮುಟ್ಟೇ ಇರ್ಲಿಲ್ಲ. ಚಾಡಿಕೋರನ್ನ ತಗೊಂಡು ಹೋಗಿ ಮುಂದೆ ಕೂರಿಸಿದೋನು ನೀನೇ" ಎಂದೆ.

ಅವನು ಮಾಡಿದ್ದು ಇಷ್ಟೇ. ತಟ್ಟಿ ನೋಡಲು ಸ್ವಿಚ್ ಹಾಕಬೇಕಿತ್ತು, ಹಾಕಿದ್ದರೆ ಎಲ್ಲರಿಗೂ ಕೇಳಿಸುತ್ತಿತ್ತು, ಹಾಗಾಗಿ ತಟ್ಟದೆ ಬದಲಾಯಿಸಿದ್ದ. ನೋಡುವುದೇನು, ಕೇಳುವುದೇನು, ತಂಗಿ ಅಂದ ಮೇಲೆ ಮೋಸ ಮಾಡಿಯೇ ಇರುತ್ತಾಳೆ. ಇದು ಅವನಿಗೆ ವಾಲ್ವಿಗಿಂತ ಖಾತ್ರಿಯ ವಿಷಯ. ನನಗೆ ಇನ್ನೂ ಹೆಚ್ಚು ಸಿಟ್ಟು ಬಂದದ್ದು ಯಾಕೆಂದರೆ ಅವನು ನನ್ನನ್ನು ತಪ್ಪು ತಿಳಿದಿರಲಿಲ್ಲ. ಕೂದಲೆಳೆಯಷ್ಟರಲ್ಲಿ ತಪ್ಪಿತ್ತು, ಅಷ್ಟೆ.

ಮಾಸ್ಟರ್ ತಮ್ಮ ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. "ನಿಮ್ಮಪ್ಪ ಮಾಡ್ತಿದ್ದ ಹಾಗೆ ಮಾಡಿ. ನನಗೆ ಯಾರ ಮಾತೂ ಬೇಡ."

ನಾನು ಹಿಂದೆ ಹೋದೆ. ಅವನು ಮುಂದೆ ಕೂತ. ಮೊದಲನೆಯದನ್ನು ತಟ್ಟಿದೆ. ಟಣ್ ಎಂದು ಹಾಲಿಗೆಲ್ಲ ಕೇಳಿಸಿತು, ಅವನು ಬಾಯಿಬಿಟ್ಟು ಹೇಳಬೇಕಾದ್ದೇ ಇರಲಿಲ್ಲ.

"ಸರಿ ಮಾಡಮ್ಮ" ಎಂದರು ಮಾಸ್ಟರ್. "ಅವನು ಇನ್ನೊಂದ್ಸಲ ನುಡಿಸಲಿ."

"ಇನ್ನೊಂದ್ಸಲ ಯಾಕೆ? ತನ್ನ ಕೈಯಾರೆ ಕೆಡಿಸ್ಕೊಂಡಿದಾನೆ."

"ಒಂದೇ ಪೆಟ್ಟಿಗೆ ಅಂದಿದ್ದೆ. ಅವನು ನುಡಿಸಿದ್ದು ಬೇರೆ ಪೆಟ್ಟಿಗೇಲಿ. ಸರಿ ಮಾಡು."

ಹಲ್ಲು ಕಚ್ಚಿಕೊಂಡು ಸ್ವಿಚ್ ಆರಿಸಿದೆ. ಕರವಸ್ತ್ರ ಸುತ್ತಿಕೊಂಡು ಎರಡನ್ನೂ ಎಳೆದೆ. ಕಾಲಿನ ತಂತಿಗಳ ನಡುವಿನ ಖಾಲಿ ಜಾಗವನ್ನು ಬೆರಳಲ್ಲಿ ತಡವಿ, ತೂತಿಗೆ ಹೊಂದಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದೆ. ಆ ಹೊತ್ತಿನಲ್ಲಿ ಒಂದು ವಾಲ್ವನ್ನು ಓರೆಯಾಗಿ ಒತ್ತಿ ಕಾಲು ಬಾಗಿಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಒತ್ತಿದ್ದು ಎಷ್ಟು ನೇರವಾಗಿ ಎಂದರೆ, ಅಪ್ಪ ಬದುಕಿದ್ದಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ. ಸ್ವಿಚ್ ಹಾಕಿ, ಎರಡನ್ನೂ ತಟ್ಟಿ, ಎಲ್ಲರಿಗೂ ಕೇಳಿಸಿ, ಹೊರಗೆ ಬಂದೆ.

"ತಗೋ" ಎಂದೆ. "ಪೆಟ್ಟಿಗೆ ಸರಿಯಾಗಿದೆ. ಇನ್ನು ಏನು ನೆಪ ಹೇಳ್ತೀಯೋ ನೋಡೋಣ."

ಅವನು ಪ್ಲೆಕ್ಟ್ರಮ್ ಹಿಡಿಯಲು ನೋಡಿದ. ಆಗಲಿಲ್ಲ, ಬೊಬ್ಬೆ ಅಷ್ಟು ದೊಡ್ಡದಾಗಿತ್ತು. ಸರಿ ಬಿಡು, ಬೆರಳು ಸುಟ್ಟಿತ್ತು ಅನ್ನುವ ನೆಪ ಸಿಕ್ಕಿತಲ್ಲ ಇವನಿಗೆ ಎಂದು ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಅವನು ಅದನ್ನು ಕುರ್ಚಿಯ ಕೈಮೇಲೆ ಇಟ್ಟ. ಉಳಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡ, ಅವು ತನ್ನವೋ ಅಲ್ಲವೋ ಎಂಬಂತೆ. ಆಮೇಲೆ ಬರಿ ಬೆರಳಲ್ಲಿ ಶುರುಮಾಡಿದ.

ಓಡಲು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಒಂದು ಸ್ವರ ಮೀಟಿದರೆ ಇನ್ನೊಂದು ಮೀಟುವವರೆಗೆ ಕಾಯಬೇಕಿತ್ತು. ಕಾದ. ಆ ಕಾಯುವ ಜಾಗದಲ್ಲಿ ಚಾಡಿಕೋರನ ಬಿಸಿ ಬಂದು ತುಂಬಿಕೊಂಡಿತು. ಅವನು ಸುರಿಯುತ್ತಿದ್ದ ಹಾಳು ಮೂಳು ಸ್ವರಗಳೆಲ್ಲ ಉದುರಿಹೋಗಿ ಮಟ್ಟು ಒಂದೇ ಉಳಿಯಿತು. ಏರುವ ಕಡೆ ಬಂದಾಗ ಅವನು ಗುಂಡಿ ಮುಟ್ಟಲಿಲ್ಲ, ಬರಿ ಕೈಯಿಂದಲೇ ಏರಿಸಿದ, ಮೆಲ್ಲಗೆ, ನಾನು ಏರಿಸಿದ್ದಕ್ಕಿಂತ ಮೆಲ್ಲಗೆ. ಇಡೀ ಹಾಲ್ ತುಂಬಿತು. ಅಪ್ಪ ನುಡಿಸಿದ ಹಾಗೆ ಇರಲಿಲ್ಲ ಅದು. ನನ್ನ ಹಾಗೂ ಇರಲಿಲ್ಲ. ನಾನು ನುಡಿಸಿದ್ದು ಅಪ್ಪನದನ್ನು, ಒಂದು ತಂತಿಯೂ ತಪ್ಪದ ಹಾಗೆ. ಅವನು ಆ ಹೊತ್ತು ನುಡಿಸಿದ್ದು ಅವನದನ್ನು.

ಬಟ್ಟೆ ಹಾಸುವವರು ಎಲ್ಲರೂ ನಿಂತಿದ್ದರು. ಗುಡುಗು ಎರಡು ಬೆರಳಲ್ಲಿ ಮೇಜಿನ ಮೇಲೆ ತಾಳ ಹಾಕುತ್ತಿದ್ದ, ಸಿಕ್ಕಿತ್ತು ಅವನಿಗೆ. ನಾನು ತಪ್ಪು ಹುಡುಕಿದೆ. ಮೈಯೆಲ್ಲ ಕಿವಿ ಮಾಡಿಕೊಂಡು ಹುಡುಕಿದೆ. ಒಂದು ಕಡೆ ತಂತಿ ಸ್ವಲ್ಪ ಉಜ್ಜಿದ ಸದ್ದು ಬಂತು, ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲಲಿ?

ಮುಗಿದ ಮೇಲೆ ಮಾಸ್ಟರ್ ನನ್ನ ಕಡೆ ನೋಡಲಿಲ್ಲ. ಒಳ್ಳೆಯ ಮನುಷ್ಯ, ಅದಕ್ಕೇ ನೋಡಲಿಲ್ಲ. "ಸಂಜೆಗೆ ಬಿಳಿ ಶರ್ಟ್ ಹಾಕ್ಕೊಂಡು ಬಾರಪ್ಪ" ಎಂದು ಅವನಿಗೆ ಹೇಳಿ, "ಆ ಕೈಗೆ ಏನಾದರೂ ಹಚ್ಚು" ಎಂದು ಸೇರಿಸಿ ಎದ್ದುಹೋದರು.

ನಾನು ಗಿಟಾರನ್ನು ಅವನ ತೊಡೆಯಿಂದ ಎತ್ತಿಕೊಂಡೆ. ಅವನು ಬೀಗಿದ್ದರೆ ನನಗೆ ಸುಲಭವಾಗುತ್ತಿತ್ತು, ಎರಡು ಮಾತು ಬಿಗಿದು ಹೋಗುತ್ತಿದ್ದೆ. ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ.

"ನಿನ್ನ ವಾಲ್ವ್ ಕಿತ್ಕೊಂಡು ಹೋಗು" ಎಂದ, ನೆಲ ನೋಡುತ್ತ. "ನನ್ನ ಹತ್ರ ಹೊಸದಿದೆ. ನಿನ್ನ ಭಿಕ್ಷೆ ಬೇಡ ನನಗೆ."

ಆ ಹೊಸದರಲ್ಲಿ ಈಗ ನುಡಿಸಿದ ಹಾಗೆ ನುಡಿಸಲಾಗುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಹೊಸದರ ಸದ್ದು ಕೇಳಿದರೆ ಮಾಸ್ಟರ್ ವಾರದೊಳಗೆ ಮುಖ ಸಿಂಡರಿಸುತ್ತಾರೆ ಎಂಬುದೂ ಇಬ್ಬರಿಗೂ ಗೊತ್ತು. ಕುರ್ಚಿ ನನ್ನ ಕಾಲುಚೀಲದೊಳಗೇ ಇತ್ತು ಅನ್ನಿ. ಪೆಟ್ಟಿಗೆಯ ಹಿಂದೆ ಹೋಗಿ ಸ್ವಿಚ್ ಆರಿಸಿ, ಬಗ್ಗಿ ನೋಡಿದೆ. ಮೂರೂ ನೇತಾಡುತ್ತಿದ್ದವು, ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ.

"ಬಿಸಿ ಇದೆ" ಎಂದೆ. "ನಿನ್ನ ಥರ ಕೈ ಸುಟ್ಕೊಳ್ಳೋಕೆ ನನಗೇನು ಹುಚ್ಚಾ? ಇರಲಿ ಅಲ್ಲೇ. ಆಮೇಲೆ ನೋಡ್ತೀನಿ."

ಕಾಲುಚೀಲವನ್ನು ಪೆಟ್ಟಿಗೆಯ ಮೇಲೆ ಎಸೆದು ಹೊರಟೆ. ಗಿಟಾರ್ ಬಿಡಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ, ಅವನ ಹತ್ತಿರ ಒಂದು ಇದೆ, ಅದರಲ್ಲೇ ನುಡಿಸಿಕೊಳ್ಳಲಿ. ದಾರಿಯುದ್ದಕ್ಕೂ ಸಿಟ್ಟಿನಲ್ಲೇ ನಡೆದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಅಮ್ಮ ಕಿಟಕಿಯ ಬಳಿ ಹರಿದ ಅಂಗಿ ಹೊಲಿಯುತ್ತ ಕೂತಿದ್ದಳು. ನನ್ನ ಚಪ್ಪಲಿಯ ಸದ್ದಿನಲ್ಲೇ ಅರ್ಧ ತಿಳಿದುಕೊಂಡಿರಬೇಕು.

"ಯಾರಿಗೆ ಸಿಕ್ತು?"

"ಅವನಿಗೆ."

"ಯಾಕಂತೆ?"

ನಾನು ಬಾಯಿ ತೆರೆದೆ. ಪೆಟ್ಟಿಗೆ ಸರಿಯಿತ್ತು. ತಂತಿ ಒಳ್ಳೆಯದಿತ್ತು. ಗಿಟಾರ್ ನನ್ನದೇ. ವಾಲ್ವು ಹಾಕಿದವಳು ನಾನೇ, ಒಮ್ಮೆ ಅಲ್ಲ, ಎರಡು ಸಲ. ಬೆರಳು ಸುಟ್ಟದ್ದು ಅವನದು. ಎಲ್ಲ ಕಡೆ ತಡಕಾಡಿದೆ, ಒಂದು ನೆಪವೂ ಕೈಗೆ ಸಿಗಲಿಲ್ಲ.

"ನನಗಿಂತ ಚೆನ್ನಾಗಿ ನುಡಿಸಿದ" ಎಂದೆ.

ಅಮ್ಮನ ಸೂಜಿ ನಿಂತಿತು. ನಾವಿಬ್ಬರೂ ಹುಟ್ಟಿದಾಗಿನಿಂದ ಅವಳು ಆ ಮಾತನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ನನ್ನ ಕೈ ನೋಡಿದಳು, ಜೇಬು ನೋಡಿದಳು.

"ವಾಲ್ವ್ ಎಲ್ಲಿ?"

"ಬಿಸಿ ಇತ್ತು. ಅಲ್ಲೇ ಬಿಟ್ಟು ಬಂದೆ."

ಅಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿದಳು. "ನಿಮ್ಮಪ್ಪ ಗಿಟಾರ್ ಒರೆಸೋಷ್ಟರಲ್ಲಿ ಅವು ತಣ್ಣಗಾಗ್ತಿದ್ವು" ಎಂದಳು. "ಯಾರಿಗೆ ಹೇಳ್ತೀಯ ಈ ನೆಪ."

ನಾನು ಅವಳಿಗೆ ಬೆನ್ನು ಹಾಕಿ ಕೂತು, ಗಿಟಾರ್ ತೆಗೆದು ಒರೆಸತೊಡಗಿದೆ. ಅದರ ಮೇಲೆ ಅವನ ಬೆವರಿನ ಗುರುತು ಇನ್ನೂ ಇತ್ತು. ಅಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಹಾಲಿನ ಬಾಗಿಲು ತೆರೆಯುತ್ತಾರೆ.